ಬಸಿರಿನಲ್ಲಿ ಹಾಲು ಒಗ್ಗದಾಗ

ಗರ್ಭಿಣಿಗೆ ಹಾಲು ಒಗ್ಗದಿದ್ದರೆ ಹೊಟ್ಟೆನೋವಿಗಿಂತ ಹೆಚ್ಚಾಗಿ ಕಾಡುವುದು ಭಯ. ಕುಡಿದರೆ ಸಂಕಟ, ಬಿಟ್ಟರೆ ಮಗುವಿನ ಮೂಳೆಗೆ ಏನಾಗುತ್ತದೋ ಎಂಬ ಚಿಂತೆ. ಈ ಎರಡರ ನಡುವೆ ಸಿಕ್ಕಿಕೊಂಡು ತಿಂಗಳುಗಟ್ಟಲೆ ಕಳೆದ ನನಗೆ ಈಗಷ್ಟೇ ಹೆರಿಗೆಯಾಗಿದೆ. ಮಗು ಆರೋಗ್ಯವಾಗಿದೆ, ನಾನೂ ಚೇತರಿಸಿಕೊಳ್ಳುತ್ತಿದ್ದೇನೆ. ನೆನಪು ಮಾಸುವ ಮೊದಲೇ ಎಲ್ಲವನ್ನೂ ಬರೆದಿಡೋಣವೆಂದು ಕುಳಿತಿದ್ದೇನೆ. ಆಗ ಇಂಥದೊಂದು ಬರಹ ಕೈಗೆ ಸಿಕ್ಕಿದ್ದರೆ ಎಷ್ಟೋ ರಾತ್ರಿ ನೆಮ್ಮದಿಯಾಗಿ ಮಲಗುತ್ತಿದ್ದೆ. ನಾನು ವೈದ್ಯೆಯಲ್ಲ. ವೈದ್ಯರು ನನಗೆ ಹೇಳಿದ್ದು ಮತ್ತು ನನ್ನ ದೇಹ ನನಗೆ ತೋರಿಸಿಕೊಟ್ಟದ್ದು, ಇವೆರಡೇ ಇಲ್ಲಿವೆ. ನಿಮ್ಮ ವಿಷಯದಲ್ಲಿ ಕೊನೆಯ ಮಾತು ನಿಮ್ಮ ವೈದ್ಯರದೇ ಆಗಿರಲಿ.

ಮೊದಲ ಮೂರು ತಿಂಗಳು ಏನೂ ಸ್ಪಷ್ಟವಾಗಲಿಲ್ಲ. ವಾಕರಿಕೆ, ವಾಂತಿ, ಸುಸ್ತು, ಯಾವ ವಾಸನೆಯೂ ಸೇರದಿರುವುದು, ಇವೆಲ್ಲ ಬಸಿರಿನ ಸಹಜ ಲಕ್ಷಣಗಳೆಂದು ಎಲ್ಲರೂ ಹೇಳಿದರು. ಅದು ನಿಜವೂ ಹೌದು. ಹಾಲು ಕುಡಿದ ಮೇಲೆ ಹೊಟ್ಟೆ ಕೆಟ್ಟರೆ ಅದೂ ಆ ಪಟ್ಟಿಗೆ ಸೇರುತ್ತಿತ್ತು. ನಾಲ್ಕನೇ ತಿಂಗಳಿನ ಹೊತ್ತಿಗೆ ವಾಂತಿ ನಿಂತಿತು, ಬಾಯಿಗೆ ರುಚಿ ಮರಳಿತು. ಇನ್ನು ಚೆನ್ನಾಗಿ ತಿನ್ನಬೇಕೆಂದು ಬೆಳಿಗ್ಗೆ ಒಂದು, ರಾತ್ರಿ ಒಂದು ದೊಡ್ಡ ಲೋಟ ಹಾಲು ಕುಡಿಯತೊಡಗಿದೆ. ನಿಜವಾದ ತೊಂದರೆ ಶುರುವಾದದ್ದು ಆಗ.

ಲೋಟ ಕೆಳಗಿಟ್ಟು ಒಂದು ಗಂಟೆಯೊಳಗೆ ಹೊಟ್ಟೆಯಲ್ಲಿ ಗುಡುಗುಡು ಸದ್ದು. ಪಕ್ಕದಲ್ಲಿ ಕುಳಿತವರಿಗೂ ಕೇಳಿಸುವಷ್ಟು ಜೋರು. ಆಮೇಲೆ ಉಬ್ಬರ, ಮೊದಲೇ ಬಿಗಿಯಾಗುತ್ತಿದ್ದ ಹೊಟ್ಟೆ ಇನ್ನಷ್ಟು ಬಿಗಿದು ಉಸಿರೆಳೆಯುವುದೇ ಕಷ್ಟವಾಗುತ್ತಿತ್ತು. ಹೊಕ್ಕುಳಿನ ಕೆಳಗೆ ಹಿಂಡಿದಂಥ ನೋವು, ಕೊನೆಗೆ ನೀರಿನಂತೆ ಭೇದಿ. ಒಂದು ರಾತ್ರಿ ಆ ನೋವು ಬಿಟ್ಟು ಬಿಟ್ಟು ಬರತೊಡಗಿದಾಗ ಇದು ಕರುಳಿನ ನೋವೋ ಗರ್ಭಕೋಶದ ನೋವೋ ಎಂದು ತಿಳಿಯದೆ ಹಾಸಿಗೆಯ ಅಂಚಿನಲ್ಲಿ ಕುಳಿತು ನಡುಗಿದೆ. ನನ್ನ ಪತಿ ಗಡಿಯಾರ ನೋಡುತ್ತಾ ಪ್ರತಿ ನೋವಿನ ಹೊತ್ತನ್ನೂ ಗುರುತು ಹಾಕಿಕೊಂಡರು. ಶೌಚಾಲಯಕ್ಕೆ ಹೋಗಿ ಬಂದ ಮೇಲೆ ನೋವು ಇಳಿಯಿತು, ಮಗು ಎಂದಿನಂತೆ ಒದ್ದಿತು. ಆಗಲೇ ಇಬ್ಬರಿಗೂ ಉಸಿರು ಬಂದದ್ದು.

ಆಮೇಲೆ ವೈದ್ಯೆಯನ್ನು ಇದರ ಬಗ್ಗೆ ಬಿಡಿಸಿ ಕೇಳಿದೆ. ಗಾಳಿ ತುಂಬಿದ ನೋವು ಸಾಮಾನ್ಯವಾಗಿ ಜಾಗ ಬದಲಿಸುತ್ತದೆ, ಗಾಳಿ ಅಥವಾ ಮಲ ಹೋದ ಮೇಲೆ ಹಗುರಾಗುತ್ತದೆ. ಗರ್ಭಕೋಶ ಬಿಗಿದುಕೊಂಡರೆ ಹೊಟ್ಟೆಯ ಮುಂಭಾಗ ಪೂರ್ತಿ ಗಟ್ಟಿಯಾಗಿ ಮತ್ತೆ ಸಡಿಲವಾಗುತ್ತದೆ. ಇಷ್ಟು ತಿಳಿದಿದ್ದರೂ ಮನೆಯಲ್ಲಿ ಕುಳಿತು ತೀರ್ಮಾನ ಮಾಡಬೇಡಿ ಎಂದು ಅವರು ಒತ್ತಿ ಹೇಳಿದರು. ನೋವು ಒಂದೇ ಲಯದಲ್ಲಿ ಮರಳಿ ಮರಳಿ ಬಂದರೆ, ರಕ್ತ ಅಥವಾ ನೀರು ಹೋದರೆ, ಮಗುವಿನ ಚಲನೆ ಕಡಿಮೆಯಾದರೆ, ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ, ಭೇದಿ ನಿಲ್ಲದೆ ಮೂತ್ರ ಕಡುಹಳದಿಯಾದರೆ ಹೊತ್ತು ನೋಡದೆ ಆಸ್ಪತ್ರೆಗೆ ಹೋಗಬೇಕು. ಪಕ್ಕೆಲುಬಿನ ಕೆಳಗೆ ಬಲಭಾಗದಲ್ಲಿ ನೋವು, ಜೊತೆಗೆ ತಲೆನೋವು ಅಥವಾ ಕಣ್ಣು ಮಂಜಾಗುವುದು ಕಂಡರಂತೂ ಅದನ್ನು ಹಾಲಿನ ತಲೆಗೆ ಕಟ್ಟಲೇಬಾರದು. ಅದು ರಕ್ತದೊತ್ತಡಕ್ಕೆ ಸಂಬಂಧಿಸಿದ ಅಪಾಯದ ಸೂಚನೆ ಆಗಿರಬಹುದು.

ಮೊದಲ ಸಲ ತಪಾಸಣೆಯಲ್ಲಿ ಈ ವಿಷಯ ಎತ್ತಿದಾಗ ಸಿಕ್ಕ ಉತ್ತರ ಚಿಕ್ಕದು: "ಬಸಿರಿನಲ್ಲಿ ಗ್ಯಾಸ್ ಸಹಜ, ಕಡಿಮೆ ಕಡಿಮೆ ತಿನ್ನಿ." ಅದರಲ್ಲಿ ಸತ್ಯವಿಲ್ಲದಿಲ್ಲ. ಗರ್ಭಿಣಿಯರಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ಹೆಚ್ಚಿ ಕರುಳಿನ ಚಲನೆ ನಿಧಾನವಾಗುತ್ತದೆ, ಉಬ್ಬರ ಎಲ್ಲರಿಗೂ ಅಷ್ಟಿಷ್ಟು ಇರುತ್ತದೆ. ಆದರೆ ಸರದಿ ಕಾದು ಕಾದು ಒಳಗೆ ಹೋಗಿ, ಕೆಲವೇ ನಿಮಿಷಗಳಲ್ಲಿ ಹೊರಬಂದಾಗ ಮನಸ್ಸಿಗೆ ತುಂಬ ನೋವಾಯಿತು. ನನ್ನ ಮಾತಿಗೆ ಆಧಾರ ಬೇಕು ಎನ್ನಿಸಿದ್ದು ಅಂದೇ. ಮುಂದಿನ ತಪಾಸಣೆಗೆ ಇನ್ನೂ ವಾರಗಳಿದ್ದವು. ಆ ಬಿಡುವಿನಲ್ಲಿ ಒಂದು ನೋಟ್‌ಪುಸ್ತಕ ತೆಗೆದುಕೊಂಡು ಬರೆಯತೊಡಗಿದೆ.

ಈ ಪುಸ್ತಕವೇ ನನ್ನನ್ನು ಕಾಪಾಡಿತು, ಹಾಗಾಗಿ ಹೇಗೆ ಬರೆದೆನೆಂದು ವಿವರವಾಗಿ ಹೇಳುತ್ತೇನೆ. ಏನು ತಿಂದೆ, ಎಷ್ಟು ತಿಂದೆ, ಎಷ್ಟು ಹೊತ್ತಿಗೆ, ಖಾಲಿ ಹೊಟ್ಟೆಯಲ್ಲೋ ಊಟದ ಜೊತೆಗೋ, ತೊಂದರೆ ಶುರುವಾದದ್ದು ಯಾವಾಗ, ಏನೇನಾಯಿತು, ಯಾವ ಮಾತ್ರೆ ನುಂಗಿದ್ದೆ. ಮಾತ್ರೆಯ ಕಾಲಂ ಬಿಡಬೇಡಿ. ಕಬ್ಬಿಣಾಂಶದ ಮಾತ್ರೆಯೂ ಹೊಟ್ಟೆ ಕೆಡಿಸುತ್ತದೆ, ಮಲಬದ್ಧತೆ ತರುತ್ತದೆ, ಮಲವನ್ನು ಕಪ್ಪಾಗಿಸುತ್ತದೆ. ಪುಟಗಳು ತುಂಬುತ್ತಿದ್ದಂತೆ ಚಿತ್ರ ತಾನಾಗಿಯೇ ಮೂಡಿತು. ಖಾಲಿ ಹೊಟ್ಟೆಗೆ ಕುಡಿದ ಹಾಲು ಪ್ರತಿ ಸಲವೂ ಕೆಡಿಸಿತ್ತು, ಐಸ್‌ಕ್ರೀಂ ಕೂಡ. ಮೊಸರು ಬಹುತೇಕ ಸಲ ಏನೂ ಮಾಡಿರಲಿಲ್ಲ. ಗಟ್ಟಿ ಚೀಸ್ ತಿಂದ ದಿನ, ಬೆಣ್ಣೆ ಹಚ್ಚಿದ್ದನ್ನು ತಿಂದ ದಿನ ಹೊಟ್ಟೆ ತಣ್ಣಗಿತ್ತು.

ಮುಂದಿನ ತಪಾಸಣೆಗೆ ಪುಸ್ತಕ ಕೊಂಡೊಯ್ದು ವೈದ್ಯೆಯ ಮುಂದೆ ಬಿಚ್ಚಿಟ್ಟೆ. ಈ ಸಲ ಅವರು ಕನ್ನಡಕ ಸರಿಪಡಿಸಿಕೊಂಡು ಒಂದೊಂದೇ ಸಾಲಿನ ಮೇಲೆ ಪೆನ್ನು ಆಡಿಸುತ್ತಾ ಓದಿದರು. ಆಮೇಲೆ ಸಾಲು ಸಾಲು ಪ್ರಶ್ನೆ. ಹಾಲು ಕುಡಿದ ಕೂಡಲೇ ಮೈಮೇಲೆ ದದ್ದು ಏಳುತ್ತದೆಯೇ? ತುಟಿ, ನಾಲಿಗೆ ಊದುತ್ತದೆಯೇ? ಉಬ್ಬಸ ಬರುತ್ತದೆಯೇ? ಚಿಕ್ಕಂದಿನಲ್ಲಿ ಹೇಗಿತ್ತು? ಇತ್ತೀಚೆಗೆ ವಾಂತಿಭೇದಿಯ ಸೋಂಕು ಬಂದಿತ್ತೇ? ಈ ಪ್ರಶ್ನೆಗಳ ಹಿಂದಿನ ಕಾರಣ ಕೇಳಿದಾಗ ಅವರು ಹೇಳಿದ್ದನ್ನು ಹಾಲಿನ ತೊಂದರೆಯಿರುವ ಪ್ರತಿಯೊಬ್ಬ ಗರ್ಭಿಣಿಯೂ ಎಲ್ಲಕ್ಕಿಂತ ಮೊದಲು ತಿಳಿಯಬೇಕು.

ಹಾಲು ಆಗದಿರುವುದರಲ್ಲಿ ಎರಡು ಬಗೆ. ಒಂದು, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅರಗದಿರುವುದು. ಅದನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರನೇ ಎರಡು ಭಾಗ ಜನರಲ್ಲಿ ಬಾಲ್ಯ ಕಳೆದಂತೆ ಇದು ಕಡಿಮೆಯಾಗುತ್ತದೆ. ಒಡೆಯದ ಸಕ್ಕರೆ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಅನಿಲ ಹೊರಡಿಸುತ್ತವೆ. ಆ ಸಕ್ಕರೆ ಕರುಳಿಗೆ ನೀರನ್ನೂ ಸೆಳೆಯುತ್ತದೆ. ನನಗೆ ಕೇಳಿಸುತ್ತಿದ್ದ ಸದ್ದು, ಉಬ್ಬರ, ಭೇದಿ ಎಲ್ಲಕ್ಕೂ ಮೂಲ ಅಲ್ಲಿತ್ತು. ಇದು ಹಿಂಸೆಯೇ ಹೊರತು ಮಗುವಿಗೆ ನೇರವಾಗಿ ಕೆಡುಕು ಮಾಡುವಂಥದ್ದಲ್ಲ. ಎರಡನೆಯದು ಹಾಲಿನ ಅಲರ್ಜಿ. ಇಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಕೇಸಿನ್, ವೇ ಮುಂತಾದ ಹಾಲಿನ ಪ್ರೋಟೀನುಗಳ ಮೇಲೆ ತಿರುಗಿಬೀಳುತ್ತದೆ. ಕೆಲವರಲ್ಲಿ ಪ್ರಾಣಕ್ಕೇ ಕುತ್ತಾಗಬಹುದು. ಅಲರ್ಜಿ ಇರುವವರಿಗೆ ಲ್ಯಾಕ್ಟೋಸ್‌ರಹಿತ ಹಾಲೂ ಸಲ್ಲದು, ಸ್ವಲ್ಪ ಸ್ವಲ್ಪವೇ ಕುಡಿದು ನೋಡುವ ಪ್ರಯೋಗವೂ ಸಲ್ಲದು. ಮುಂದೆ ನಾನು ಹೇಳುವುದೆಲ್ಲ ಮೊದಲನೆಯ ಬಗೆಯವರಿಗೆ ಮಾತ್ರ. ದದ್ದು, ಊತ, ಉಬ್ಬಸ ಇರುವವರು ಓದು ನಿಲ್ಲಿಸಿ ಅಲರ್ಜಿ ತಜ್ಞರನ್ನು ಕಾಣಿ.

ಖಚಿತಪಡಿಸಿಕೊಳ್ಳಲು ಜೀರ್ಣಾಂಗ ತಜ್ಞರ ಬಳಿ ಕಳುಹಿಸಿದರು. ಅವರ ಭೇಟಿಯ ದಿನ ಸಿಗಲು ಮತ್ತೆ ಕಾಯಬೇಕಾಯಿತು. ಬಸಿರಿನಲ್ಲಿ ಕಾಯುವುದೆಂದರೆ ದಿನಗಳ ಜೊತೆ ಹೊಟ್ಟೆಯೂ ಬೆಳೆಯುತ್ತಿರುತ್ತದೆ, ಚಿಂತೆಯೂ ಬೆಳೆಯುತ್ತಿರುತ್ತದೆ. ಕೊಂಡೊಯ್ಯಬೇಕಾದ್ದು ಹೆಚ್ಚೇನಿಲ್ಲ: ತಾಯಿ ಕಾರ್ಡು, ಇದುವರೆಗಿನ ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್ ವರದಿಗಳು, ಹೆರಿಗೆ ವೈದ್ಯೆಯ ಪತ್ರ, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ. ಪಟ್ಟಿಯ ಬದಲು ನಾನು ಮಾತ್ರೆಯ ಪಟ್ಟೆಗಳನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿದ್ದೆ, ಅದೇ ಹೆಚ್ಚು ಅನುಕೂಲವಾಯಿತು.

ಇದಕ್ಕೊಂದು ಹೈಡ್ರೋಜನ್ ಉಸಿರು ಪರೀಕ್ಷೆ ಇದೆ. ರಾತ್ರಿಯಿಡೀ ಉಪವಾಸವಿದ್ದು, ಬೆಳಿಗ್ಗೆ 25ರಿಂದ 50 ಗ್ರಾಂ ಲ್ಯಾಕ್ಟೋಸ್ ಬೆರೆಸಿದ ನೀರು ಕುಡಿದು, ಎರಡು ಮೂರು ಗಂಟೆಗಳ ಕಾಲ ಆಗಾಗ ಒಂದು ಕೊಳವೆಗೆ ಉಸಿರು ಊದಬೇಕು. ಉಸಿರಿನಲ್ಲಿ ಹೈಡ್ರೋಜನ್ ಪ್ರಮಾಣ ಆರಂಭದ ಮಟ್ಟಕ್ಕಿಂತ ಹತ್ತು ಲಕ್ಷಕ್ಕೆ 20 ಭಾಗದಷ್ಟು ಏರಿದರೆ ಲ್ಯಾಕ್ಟೋಸ್ ಅರಗುತ್ತಿಲ್ಲವೆಂದು ಅರ್ಥ. ಇತ್ತೀಚೆಗೆ ಆ್ಯಂಟಿಬಯಾಟಿಕ್ ತೆಗೆದುಕೊಂಡಿದ್ದರೆ ಫಲಿತಾಂಶ ತಪ್ಪಾಗಬಹುದು, ಅದನ್ನು ಮೊದಲೇ ತಿಳಿಸಬೇಕು. ಒಂದು ಲೋಟ ಹಾಲಿನಲ್ಲಿ ಇರುವುದೇ ಸುಮಾರು 12 ಗ್ರಾಂ ಲ್ಯಾಕ್ಟೋಸ್. ಅದರ ಎರಡರಿಂದ ನಾಲ್ಕು ಪಟ್ಟು ಒಮ್ಮೆಗೇ ಕುಡಿದು, ಉಪವಾಸವಿದ್ದು, ಭೇದಿ ಮಾಡಿಕೊಳ್ಳುವುದು ಗರ್ಭಿಣಿಗೆ ಬೇಡವೆಂದು ತಜ್ಞರು ಹೇಳಿದರು. ನನ್ನ ನೋಟ್‌ಪುಸ್ತಕ ನೋಡಿ, ಎರಡು ವಾರ ಲ್ಯಾಕ್ಟೋಸ್ ಪೂರ್ತಿ ಬಿಟ್ಟು ಆಮೇಲೆ ಅಳತೆಯಿಟ್ಟು ಮರಳಿ ಸೇರಿಸುವ ದಾರಿ ತೋರಿಸಿದರು. ಪರೀಕ್ಷೆಯ ಖರ್ಚು ಉಳಿಯಿತೆಂಬುದಕ್ಕಿಂತ ಆ ದ್ರಾವಣ ಕುಡಿಯುವುದು ತಪ್ಪಿತೆಂದು ನನಗೆ ಸಮಾಧಾನವಾಯಿತು.

ಬಿಡುವುದು ಸುಲಭವೆಂದುಕೊಂಡಿದ್ದೆ. ಲೋಟದಲ್ಲಿರುವ ಹಾಲನ್ನು ಬಿಡುವುದು ಸುಲಭವೇ. ಕಷ್ಟವಾದದ್ದು ಪೊಟ್ಟಣಗಳಲ್ಲಿ ಅಡಗಿರುವ ಹಾಲು. ಬ್ರೆಡ್, ಬಿಸ್ಕತ್ತು, ಸೂಪಿನ ಪುಡಿ, ಚಾಕೊಲೇಟ್, ಗರ್ಭಿಣಿಯರಿಗೆಂದೇ ಮಾರುವ ಪೌಷ್ಟಿಕ ಪುಡಿ, ಎಲ್ಲದರ ಹಿಂಬದಿಯ ಸಣ್ಣ ಅಕ್ಷರಗಳನ್ನೂ ಓದಿದೆ. ಹಾಲಿನ ಘನಾಂಶ, ಕೆನೆ ತೆಗೆದ ಹಾಲಿನ ಪುಡಿ, ವೇ ಪುಡಿ, ಲ್ಯಾಕ್ಟೋಸ್ ಎಂದಿದ್ದರೆ ಅದು ಬೇಡ. ಲ್ಯಾಕ್ಟಿಕ್ ಆಮ್ಲ ಎಂಬುದಕ್ಕೆ ಹೆದರಬೇಕಿಲ್ಲ, ಅದು ಹಾಲಿನ ಸಕ್ಕರೆಯಲ್ಲ. ಕೆಲವು ಮಾತ್ರೆಗಳಲ್ಲಿ ಲ್ಯಾಕ್ಟೋಸನ್ನು ತುಂಬುವ ಪುಡಿಯಾಗಿ ಬಳಸಿರುತ್ತಾರೆ. ಅದು ಅತಿ ಕಡಿಮೆ, ಹೆಚ್ಚಿನವರಿಗೆ ಏನೂ ಮಾಡುವುದಿಲ್ಲ ಎಂದು ಔಷಧ ಅಂಗಡಿಯವರು ವಿವರಿಸಿದರು. ಆ ಕಾರಣಕ್ಕೆ ವೈದ್ಯರು ಬರೆದುಕೊಟ್ಟ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಕೆಲವೇ ದಿನಗಳಲ್ಲಿ ಹೊಟ್ಟೆ ಸುಧಾರಿಸಿತು, ರಾತ್ರಿ ನಿದ್ದೆ ಬಂತು. ಆದರೆ ಮನೆಯೊಳಗೆ ಇನ್ನೊಂದು ಹೋರಾಟ ಶುರುವಾಯಿತು. "ಒಂದೇ ಒಂದು ಲೋಟ ಕುಡಿಯಮ್ಮ, ನಿನಗೋಸ್ಕರ ಅಲ್ಲ, ಮಗುವಿಗೋಸ್ಕರ" ಎಂದು ಅಮ್ಮ ಫೋನಿನಲ್ಲಿ ದಿನವೂ ಕೇಳಿಕೊಳ್ಳುತ್ತಿದ್ದರು. ಅತ್ತೆ ಏನೂ ಹೇಳುತ್ತಿರಲಿಲ್ಲ. ಹಾಲಿನ ಲೋಟವನ್ನು ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು. ಅವರಿಬ್ಬರದೂ ಪ್ರೀತಿಯೇ. ಆದರೂ ಆ ಲೋಟ ನೋಡಿದಾಗಲೆಲ್ಲ ನನ್ನ ಸುಖಕ್ಕಾಗಿ ಮಗುವಿನ ಪಾಲು ಕಿತ್ತುಕೊಳ್ಳುತ್ತಿದ್ದೇನೇನೋ ಎಂದು ಕರುಳು ಚುರ್ರೆನ್ನುತ್ತಿತ್ತು. ಒಂದು ಸಂಜೆ ಅಡುಗೆಮನೆಯಲ್ಲಿ ಅತ್ತೆಯ ಮುಂದೆ ಅತ್ತುಬಿಟ್ಟೆ. ಅವರು ಲೋಟ ತೆಗೆದಿಟ್ಟು, "ಹಾಗಾದರೆ ಮಗುವಿಗೆ ಬೇಕಾದ್ದು ಬೇರೆ ಯಾವುದರಲ್ಲಿದೆ ಎಂದು ಕೇಳಿಕೊಂಡು ಬಾ, ಅದನ್ನೇ ಮಾಡಿಕೊಡುತ್ತೇನೆ" ಎಂದರು. ಮರುದಿನವೇ ಆಹಾರ ತಜ್ಞೆಯ ಭೇಟಿಗೆ ಹೆಸರು ಬರೆಸಿದೆ. ಮುಂದಿನ ಸಲ ಅತ್ತೆಯೂ ಜೊತೆಗೆ ಬಂದರು. ಸಾಧ್ಯವಿದ್ದರೆ ಅಡುಗೆ ಮಾಡುವವರನ್ನು ತಜ್ಞರ ಬಳಿಗೆ ಕರೆದೊಯ್ಯಿರಿ. ನಾವು ನೂರು ಸಲ ಹೇಳಿದರೂ ಆಗದ್ದು ಅಲ್ಲಿ ಒಂದೇ ಮಾತಿನಲ್ಲಿ ಆಗುತ್ತದೆ.

ಆಹಾರ ತಜ್ಞೆ ಮೊದಲು ಮಾಡಿದ್ದು ಲೆಕ್ಕ. 19 ವರ್ಷ ದಾಟಿದ ಗರ್ಭಿಣಿಗೆ ದಿನಕ್ಕೆ ಸುಮಾರು 1,000 ಮಿಲಿಗ್ರಾಂ ಕ್ಯಾಲ್ಸಿಯಂ ಗುರಿಯಾಗಿ ಇಟ್ಟುಕೊಂಡರು. ಕೆಲವು ದೇಶಗಳ ಮಾರ್ಗಸೂಚಿಯಲ್ಲಿ ಇದು ಇನ್ನೂ ಕಡಿಮೆಯಿದೆ. ಹುಟ್ಟುವ ಹೊತ್ತಿಗೆ ಮಗುವಿನ ದೇಹದಲ್ಲಿ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಸೇರಿರುತ್ತದೆ, ಅದರಲ್ಲಿ ಹೆಚ್ಚಿನದು ಕೊನೆಯ ಮೂರು ತಿಂಗಳಲ್ಲಿ. ಬಸಿರಿನಲ್ಲಿ ಕರುಳು ಆಹಾರದಿಂದ ಕ್ಯಾಲ್ಸಿಯಂ ಹೀರಿಕೊಳ್ಳುವ ಶಕ್ತಿ ಸುಮಾರು ಎರಡು ಪಟ್ಟಾಗುತ್ತದೆ ಎಂದು ಕೇಳಿದಾಗ ನನ್ನ ಎದೆಯ ಮೇಲಿನ ಭಾರ ಅರ್ಧ ಇಳಿಯಿತು. ಹಾಗೆಂದು ಅಲಕ್ಷ್ಯ ಮಾಡುವಂತಿಲ್ಲ. ತಾಯಿಯ ಊಟದಲ್ಲಿ ಸಾಲದೆ ಬಂದರೆ ಆಕೆಯ ಮೂಳೆಯಿಂದಲೇ ಕ್ಯಾಲ್ಸಿಯಂ ಹೋಗುತ್ತದೆ. ಅಲ್ಲದೆ, ಊಟದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆಯಿರುವ ಗರ್ಭಿಣಿಯರಲ್ಲಿ ರಕ್ತದೊತ್ತಡದ ತೊಡಕು ತಗ್ಗಿಸಲು ಕ್ಯಾಲ್ಸಿಯಂ ಮಾತ್ರೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಆಮೇಲೆ ಎಲ್ಲಿಂದ ಎಷ್ಟು ಬರುತ್ತದೆಂದು ನೋಡಿದೆವು. ಲ್ಯಾಕ್ಟೋಸ್‌ರಹಿತ ಹಾಲೆಂದರೆ ಲ್ಯಾಕ್ಟೇಸ್ ಬೆರೆಸಿ ಸಕ್ಕರೆಯನ್ನು ಮೊದಲೇ ಒಡೆದ ಹಸುವಿನ ಹಾಲು. ಕ್ಯಾಲ್ಸಿಯಂ ಮಾಮೂಲಿ ಹಾಲಿನಷ್ಟೇ, ಲೋಟಕ್ಕೆ 300 ಮಿಲಿಗ್ರಾಂ ಆಸುಪಾಸು. ರುಚಿ ಮಾತ್ರ ಸ್ವಲ್ಪ ಸಿಹಿ. ಗಟ್ಟಿ ಚೀಸಿನ 30 ಗ್ರಾಂ ತುಂಡಿನಲ್ಲಿ ಸುಮಾರು 200 ಮಿಲಿಗ್ರಾಂ ಇರುತ್ತದೆ, ಲ್ಯಾಕ್ಟೋಸ್ ತೀರಾ ಕಡಿಮೆ. ಆದರೆ ಪಾಶ್ಚರೀಕರಿಸದ, ಅಂದರೆ ಕಾಯಿಸಿ ಕ್ರಿಮಿ ಕೊಲ್ಲದ ಹಾಲಿನ ಚೀಸನ್ನು ಗರ್ಭಿಣಿಯರು ತಿನ್ನಲೇಬಾರದು, ಲಿಸ್ಟೀರಿಯಾ ಸೋಂಕಿನ ಅಪಾಯವಿದೆ. ಸೋಯಾ ಹಾಲಿನಲ್ಲಿ ಪ್ರೋಟೀನು ಹಸುವಿನ ಹಾಲಿಗೆ ಹತ್ತಿರ, ಬಾದಾಮಿ ಹಾಲಿನಲ್ಲಿ ಬಹಳ ಕಡಿಮೆ. ಯಾವುದೇ ಸಸ್ಯದ ಹಾಲಾದರೂ ಕ್ಯಾಲ್ಸಿಯಂ ಸೇರಿಸಿದ್ದೇ ಎಂದು ನೋಡಿ ಕೊಳ್ಳಿ, ಕುಡಿಯುವ ಮೊದಲು ಡಬ್ಬಿ ಚೆನ್ನಾಗಿ ಅಲುಗಾಡಿಸಿ. ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂತುಬಿಡುತ್ತದೆ. ನನ್ನ ಮೊದಲ ಡಬ್ಬಿ ಮುಗಿದಾಗ ತಳದಲ್ಲಿ ಬಿಳಿಯ ಗಸಿ ಬೆರಳಿಗೆ ಹತ್ತಿತು, ಅಂದಿನಿಂದ ಅಲುಗಾಡಿಸದೆ ಬಗ್ಗಿಸಿದ್ದಿಲ್ಲ. ಸೋಯಾ ಹಾಲಿಗೆ ಕ್ಯಾಲ್ಸಿಯಂ ಲವಣ ಹಾಕಿ ಗಟ್ಟಿ ಮಾಡಿದ ತೋಫು, ಎಳ್ಳು, ಬಾದಾಮಿ, ಮುಳ್ಳುಸಹಿತ ತಿನ್ನುವ ಸಣ್ಣ ಮೀನು, ಕೋಸಿನ ಜಾತಿಯ ಸೊಪ್ಪುಗಳು ನೆರವಾಗುತ್ತವೆ. ಪಾಲಕ್ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದ್ದರೂ ಆ ಸೊಪ್ಪಿನಲ್ಲೇ ಇರುವ ಆಕ್ಸಲೇಟ್ ಎಂಬ ಅಂಶ ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ದೇಹಕ್ಕೆ ಸೇರುವುದು ನೂರಕ್ಕೆ 5 ಭಾಗದಷ್ಟು ಮಾತ್ರ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹಾಲು ಬಿಟ್ಟಾಗ ಕ್ಯಾಲ್ಸಿಯಂ ಒಂದೇ ಅಲ್ಲ, ಅಯೋಡಿನ್, ಬಿ12, ಪ್ರೋಟೀನು, ಡಿ ಜೀವಸತ್ವಗಳನ್ನೂ ನೋಡಬೇಕೆಂದು ಅವರು ಹೇಳಿದರು. ನನಗೆ ಡಿ ಜೀವಸತ್ವ ಕಡಿಮೆಯಿತ್ತು. ಅದಕ್ಕೆ ಬೇರೆ ಮಾತ್ರೆ ಬಂತು.

ಮಾತ್ರೆಗಳ ವೇಳಾಪಟ್ಟಿಯೇ ದೊಡ್ಡ ತಲೆನೋವಾಯಿತು. ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶ ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಹೀರಿಕೆಯಾಗುವುದಿಲ್ಲ, ನಡುವೆ ಕನಿಷ್ಠ ಎರಡು ಗಂಟೆ ಅಂತರ ಬೇಕು. ಕ್ಯಾಲ್ಸಿಯಂ ಒಮ್ಮೆಗೆ 500 ಮಿಲಿಗ್ರಾಂ ಮೀರಿದರೆ ಹೀರಿಕೆ ಕುಗ್ಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆ, ಸಿಟ್ರೇಟ್ ಆದರೆ ಯಾವಾಗ ಬೇಕಾದರೂ. ಹೀಗಾಗಿ ನನಗೆ ಕಬ್ಬಿಣ ಬೆಳಿಗ್ಗೆ ಕಿತ್ತಳೆ ರಸದೊಂದಿಗೆ, ಕ್ಯಾಲ್ಸಿಯಂ ಮಧ್ಯಾಹ್ನ ಮತ್ತು ರಾತ್ರಿ ಊಟದೊಂದಿಗೆ ಎಂದು ಗೊತ್ತಾಯಿತು. ಕಾಗದದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಭೇದಿ ಹೋಗಿ ಮಲಬದ್ಧತೆ ಬಂದದ್ದು ನಾನು ನಿರೀಕ್ಷಿಸದ ತೊಡಕು. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಅದಕ್ಕೆ ಕಾರಣವಾಗಬಲ್ಲವು. ನೀರು, ನಾರಿನಂಶ, ನಡಿಗೆ ಹೆಚ್ಚಿಸಿದೆ, ವೈದ್ಯೆ ಕಬ್ಬಿಣದ ಮಾತ್ರೆ ಬದಲಿಸಿಕೊಟ್ಟರು.

ಎರಡು ವಾರದ ನಂತರ ಮರಳಿ ಸೇರಿಸುವ ಕೆಲಸ. ಮೊದಲು ಊಟದ ಜೊತೆ ಕಾಲು ಲೋಟ ಹಾಲು, ಏನೂ ಆಗದಿದ್ದರೆ ಕೆಲವು ದಿನ ಬಿಟ್ಟು ಅರ್ಧ ಲೋಟ. ಅರ್ಧ ಲೋಟ ಊಟದ ಜೊತೆ ಸಲೀಸಾಗಿ ಅರಗಿತು, ಪೂರ್ತಿ ಲೋಟಕ್ಕೆ ಗುಡುಗು ಮರಳಿತು. ಲ್ಯಾಕ್ಟೋಸ್ ಅರಗದವರಲ್ಲಿ ಹೆಚ್ಚಿನವರು ಒಂದಿಷ್ಟು ಹಾಲನ್ನು, ಅದರಲ್ಲೂ ಊಟದೊಂದಿಗೆ, ತಾಳಿಕೊಳ್ಳುತ್ತಾರಂತೆ. ಪೂರ್ತಿ ಬಿಡಬೇಕಾದವರು ಕಡಿಮೆ. ಮೊಸರಿನಲ್ಲಿರುವ ಬ್ಯಾಕ್ಟೀರಿಯಾಗಳೇ ಲ್ಯಾಕ್ಟೋಸನ್ನು ಒಡೆಯಲು ನೆರವಾಗುವುದರಿಂದ ಅದು ನನಗೆ ದಿನವೂ ಒಗ್ಗಿತು. ಊಟದ ಮೊದಲ ತುತ್ತಿನ ಜೊತೆ ನುಂಗುವ ಲ್ಯಾಕ್ಟೇಸ್ ಮಾತ್ರೆಗಳೂ ಇವೆ. ವೈದ್ಯೆಯನ್ನು ಕೇಳಿಯೇ ಇಟ್ಟುಕೊಂಡಿದ್ದೆ, ಹೊರಗೆ ಊಟಕ್ಕೆ ಹೋದಾಗ ಮಾತ್ರ ಬಳಸಿದೆ.

ಖರ್ಚಿನ ಮಾತು. ತಜ್ಞರ ಶುಲ್ಕ ಒಂದು ಕಡೆಯಾದರೆ, ಲ್ಯಾಕ್ಟೋಸ್‌ರಹಿತ ಹಾಲು, ಸಸ್ಯದ ಹಾಲು ಎರಡೂ ಮಾಮೂಲಿ ಹಾಲಿಗಿಂತ ದುಬಾರಿ, ಅದು ತಿಂಗಳುಗಟ್ಟಲೆ ಸಾಗುವ ಖರ್ಚು. ಮರಳಿ ಸೇರಿಸುವ ಹಂತವನ್ನು ಯಾರೂ ಬಿಡಬಾರದೆಂದು ನಾನು ಹೇಳುವುದು ಇದಕ್ಕೇ. ನಿಮ್ಮ ಮಿತಿ ಗೊತ್ತಾದರೆ ಮೊಸರು, ಅರ್ಧ ಲೋಟ ಮಾಮೂಲಿ ಹಾಲು ಇವೇ ಬಹುಪಾಲು ಸಾಕಾಗಿ ದುಬಾರಿ ಡಬ್ಬಿಗಳ ಹಂಗು ಕಡಿಮೆಯಾಗುತ್ತದೆ.

ಆರನೇ ತಿಂಗಳು ದಾಟುವಾಗ ಸಕ್ಕರೆ ಪರೀಕ್ಷೆಗೆ ಸಿಹಿನೀರು ಕುಡಿಯಬೇಕೆಂದಾಗ ನಡುಗಿದ್ದೆ. ಅದು ಗ್ಲೂಕೋಸ್, ಲ್ಯಾಕ್ಟೋಸ್ ಅಲ್ಲ. ಆರಾಮವಾಗಿ ಕುಡಿಯಿರಿ. ಕೊನೆಯ ತಿಂಗಳುಗಳಲ್ಲಿ ನನಗೆ ಹಾಲು ಮೊದಲಿಗಿಂತ ಚೆನ್ನಾಗಿ ಒಗ್ಗತೊಡಗಿತು. ಕೆಲವು ಗರ್ಭಿಣಿಯರಲ್ಲಿ ಹೀಗಾಗುತ್ತದೆ, ಆಹಾರ ಕರುಳಿನಲ್ಲಿ ನಿಧಾನವಾಗಿ ಸಾಗುವುದು ಇದಕ್ಕೆ ಕಾರಣವಿರಬಹುದು ಎಂದರು ವೈದ್ಯೆ. ಎಲ್ಲರಿಗೂ ಆಗುತ್ತದೆಂದಲ್ಲ.

ಹೆರಿಗೆಗೆ ದಾಖಲಾಗುವಾಗ ದಾಖಲೆ ಹಾಳೆಯಲ್ಲಿ "ಲ್ಯಾಕ್ಟೋಸ್ ಒಗ್ಗುವುದಿಲ್ಲ, ಅಲರ್ಜಿ ಅಲ್ಲ" ಎಂದು ಕೇಳಿ ಬರೆಸಿ. ನಾನು ಬರೆಸಿದ್ದರೂ ಹೆರಿಗೆಯ ಮರುದಿನ ಬೆಳಿಗ್ಗೆ ತಟ್ಟೆಯ ಪಕ್ಕ ಬಿಸಿ ಹಾಲು ಬಂದಿತ್ತು. ಹಾಳೆ ಅಡುಗೆಮನೆಗೆ ತಲುಪಿರಲಿಲ್ಲ. ಊಟ ತರುವವರಿಗೂ ಬಾಯಿಬಿಟ್ಟು ಹೇಳಬೇಕು.

ಮೊಲೆಹಾಲಿನ ಬಗ್ಗೆ ನನಗಿದ್ದ ಕೊನೆಯ ಆತಂಕವನ್ನು ಮಕ್ಕಳ ವೈದ್ಯರು ಬಗೆಹರಿಸಿದರು. ಮೊಲೆಹಾಲಿನಲ್ಲಿ ಸುಮಾರು ನೂರಕ್ಕೆ 7 ಭಾಗ ಲ್ಯಾಕ್ಟೋಸ್ ಇರುತ್ತದೆ, ತಾಯಿ ಹಾಲು ಕುಡಿಯಲಿ ಬಿಡಲಿ ಅದು ಬದಲಾಗುವುದಿಲ್ಲ. ತಾಯಿಗೆ ಅರಗದಿದ್ದ ಮಾತ್ರಕ್ಕೆ ಮಗುವಿಗೂ ಅರಗುವುದಿಲ್ಲವೆಂದಲ್ಲ. ಹುಟ್ಟಿನಿಂದಲೇ ಲ್ಯಾಕ್ಟೇಸ್ ಇಲ್ಲದಿರುವುದು ಅತ್ಯಪರೂಪ. ಮಗುವಿಗೆ ಅಲರ್ಜಿ ಬಾರದಿರಲೆಂದು ಬಸಿರಿನಲ್ಲಿ ಹಾಲು ಬಿಡುವುದರಿಂದಲೂ ಪ್ರಯೋಜನವಿಲ್ಲ. ಮಗುವಿನ ಮಲದಲ್ಲಿ ರಕ್ತ ಅಥವಾ ಬಿಡದ ದದ್ದು ಕಂಡರೆ ಮಾತ್ರ ಅದು ಹಾಲಿನ ಪ್ರೋಟೀನಿನ ಅಲರ್ಜಿ ಇರಬಹುದು, ಆಗ ಕೂಡಲೇ ತೋರಿಸಬೇಕು. ಹಾಲೂಡಿಸುವಾಗಲೂ ಕ್ಯಾಲ್ಸಿಯಂ ಗುರಿ ದಿನಕ್ಕೆ 1,000 ಮಿಲಿಗ್ರಾಮೇ. ಹಾಗಾಗಿ ನನ್ನ ಮಾತ್ರೆ ಈಗಲೂ ಮಧ್ಯಾಹ್ನದ ಊಟದ ಜೊತೆ ನಡೆಯುತ್ತಿದೆ, ಯಾವಾಗ ನಿಲ್ಲಿಸಬೇಕೆಂದು ಮುಂದಿನ ತಪಾಸಣೆಯಲ್ಲಿ ಕೇಳುವವಳಿದ್ದೇನೆ.